ಮೂವರು ಲಕ್ಷ್ಮಮ್ಮಂದಿರು

ನಮ್ಮ ಸೇವಾ ಸಂಸ್ಥೆಯ ಡೇಟಾ ಜವಾಬ್ದಾರಿ ನನ್ನ ತಲೆಗೆ ಬಂದು ವರ್ಷವಾಯಿತು. ಇವತ್ತು ಬೆಳಗ್ಗೆಯಿಂದ ಒಬ್ಬ ಲಕ್ಷ್ಮಮ್ಮನ ಹಿಂದೆ ಬಿದ್ದಿದ್ದೆ. ಆರೋಗ್ಯ ವಿಭಾಗದ ಎಕ್ಸೆಲ್‌ನಲ್ಲಿ ಅವರ ಹೆಸರಿನ 'ಕ್ಷ'ಕ್ಕೆ ಇಂಗ್ಲಿಷಿನ ಕೆ ಮತ್ತು ಎಸ್. ಸ್ವಸಹಾಯ ಸಂಘದ ಪಟ್ಟಿಯಲ್ಲಿ ಎಕ್ಸ್. ಹೊಲಿಗೆ ತರಬೇತಿಯ ರಿಜಿಸ್ಟರಿನಲ್ಲಿ ಬರೀ ಲಕ್ಷ್ಮಿ. ವರದಿಯಲ್ಲಿ ಮೂವರು ಫಲಾನುಭವಿಗಳು! ಊರಲ್ಲಿರುವುದು ಒಬ್ಬರೇ.

ಡೇಟಾ ಕೇಳಿದರೆ ಎಲ್ಲರೂ 'ಇದು ನಮ್ಮದು' ಅನ್ನುತ್ತಾರೆ. ತಪ್ಪು ಸಿಕ್ಕಾಗ ಮಾತ್ರ ಯಾರದ್ದೂ ಅಲ್ಲ. ನನ್ನ ಕೆಲಸದಲ್ಲಿ ಸಾಫ್ಟ್‌ವೇರ್ ಕಮ್ಮಿ, ವಿಭಾಗದಿಂದ ವಿಭಾಗಕ್ಕೆ ಹೋಗಿ ಟೀ ಕುಡಿಯುವುದೇ ಜಾಸ್ತಿ. ದೇಣಿಗೆ ವಿಭಾಗದವರು ಶಿಸ್ತಾಗಿದ್ದಾರೆ. ದಾನಿಗಳ ತೆರಿಗೆ ರಿಯಾಯಿತಿಯ ರಸೀದಿ, ಪ್ಯಾನ್ ನಂಬರ್, ತೆರಿಗೆ ಇಲಾಖೆ ಅಂದರೆ ಭಯ ಇರುತ್ತದಲ್ವಾ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 18 ತುಂಬದ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ನಮ್ಮ ಹಳೇ ಟ್ಯೂಷನ್ ಕೇಂದ್ರದ ಫಾರಂಗಳಲ್ಲಿ ಹೆಬ್ಬೆಟ್ಟಿನ ಗುರುತುಗಳಿವೆ. ಯಾವುದಕ್ಕೆ ಒಪ್ಪುತ್ತಿದ್ದೀರಿ ಅಂತ ಆ ತಾಯಂದಿರಿಗೆ ಯಾರಾದರೂ ಓದಿ ಹೇಳಿದ್ದರಾ? ಆ ಫಾರಂಗಳನ್ನು ನೋಡಿದಾಗೆಲ್ಲ ಇದೇ ಕೊರೆಯುತ್ತದೆ.

ಸಂಜೆ ಸುಮ್ನೆ ಲಕ್ಷ್ಮಮ್ಮನವರಿಗೇ ಫೋನ್ ಮಾಡಿದೆ.

"ಲಕ್ಷ್ಮೀದೇವಮ್ಮ ಅಂತ ಕಣಪ್ಪ ನನ್ನ ಹೆಸರು" ಅಂದರು.