ಮೂರನೆಯ ವೈಸಿನ ಹುಡುಗ

2023ರ ಸೆಪ್ಟೆಂಬರ್ 4, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಫಿಟ್ಟರ್ ವಿಭಾಗದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಐಟಿಐ ಅದು. ಒಳಗಿನಿಂದ ಬರುತ್ತಿದ್ದ ವಾಸನೆ ನನಗೆ ಹೊಸದಲ್ಲ. ಎಣ್ಣೆ, ಕಬ್ಬಿಣದ ಪುಡಿ, ಯಂತ್ರ ಒರೆಸಿ ಕಪ್ಪಾದ ಹತ್ತಿಯ ನೂಲು. ಆರು ವರ್ಷ ಪೀಣ್ಯದಲ್ಲಿ ಅಚ್ಚು, ಉಪಕರಣ ತಯಾರಿಸುವ ಒಂದು ಟೂಲ್ ರೂಮಿನಲ್ಲಿ ಡೈ ಫಿಟ್ಟಿಂಗ್ ಮಾಡಿ, ಅಪ್ಪನಿಗೆ ತೋಟ ನೋಡಿಕೊಳ್ಳಲು ಆಗದೆ ಊರಿಗೆ ಮರಳಿದವನು ನಾನು. ಅತಿಥಿ ಬೋಧಕ ಹುದ್ದೆ ಖಾಲಿ ಇದೆ ಎಂದು ತಿಳಿದು ಅರ್ಜಿ ಹಾಕಿದ್ದೆ. ಗೌರವಧನ ಪೀಣ್ಯದ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೂ ಒಪ್ಪಿಕೊಂಡೆ. ಗೊತ್ತಿರುವ ಕೆಲಸವನ್ನು ಹೇಳಿಕೊಡುವುದು ತಾನೇ, ಅದರಲ್ಲಿ ಕಷ್ಟವೇನಿದೆ ಎಂದುಕೊಂಡಿದ್ದೆ.

ಐಟಿಐ ಎಂದರೆ ಇನ್ನೆಲ್ಲಿಯೂ ಸೀಟು ಸಿಗದವರು ಹೋಗುವ ಜಾಗ ಎನ್ನುವ ಮಾತು ನಮ್ಮ ಕಡೆ ಇಂದಿಗೂ ಇದೆ. ಮದುವೆ ಮನೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾದದ್ದು 1950ರಲ್ಲಿ. ಅಂದಿನಿಂದ ಈ ದೇಶದ ಕಾರ್ಖಾನೆಗಳಲ್ಲಿ ಅಳತೆಗೆ ಸರಿಯಾಗಿ ಕೂತ ಎಷ್ಟೋ ಬಿಡಿಭಾಗಗಳ ಹಿಂದೆ ಇಂಥದೊಂದು ಶೆಡ್ಡಿನಲ್ಲಿ ಪಳಗಿದ ಕೈಗಳಿವೆ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹುಡುಗ ಫಿಟ್ಟರ್ ವಿಭಾಗದಲ್ಲಿ ಎರಡು ವರ್ಷ ಕಲಿಯುತ್ತಾನೆ. ಈಗಿನ ಪಠ್ಯಕ್ರಮದ ಪ್ರಕಾರ ವರ್ಷಕ್ಕೆ 1,200 ಗಂಟೆ, ಅದರಲ್ಲಿ 840 ಗಂಟೆ ಬರಿಯ ಕೈಕೆಲಸ. ಬರವಣಿಗೆಯ ಪತ್ರಿಕೆಯಲ್ಲಿ ನೂರಕ್ಕೆ 33 ಬಂದರೆ ತೇರ್ಗಡೆ, ಪ್ರಾಯೋಗಿಕದಲ್ಲಿ 60 ಬರಲೇಬೇಕು. ಈ ನಿಯಮವನ್ನು ಮಾಡಿದವರು ಯಾರೋ, ಅವರ ಬಗ್ಗೆ ನನಗೆ ಗೌರವವಿದೆ. ತಲೆಗೆ ಕೊಟ್ಟ ವಿನಾಯಿತಿಯನ್ನು ಅವರು ಕೈಗೆ ಕೊಡಲಿಲ್ಲ.

ನನ್ನ ಘಟಕದಲ್ಲಿ ಇಪ್ಪತ್ತು ಹುಡುಗರು. ಎಲ್ಲರದ್ದೂ ಹೊಸ ನೀಲಿ ಸಮವಸ್ತ್ರ, ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಹಿಂದಿನ ರಾತ್ರಿ ಕೂತು ಬರೆದುಕೊಂಡ ಟಿಪ್ಪಣಿ ಹಿಡಿದು ಹಲಗೆಯ ಮುಂದೆ ನಿಂತೆ. ಫೈಲ್ (ಲೋಹ ಉಜ್ಜುವ ಅರ) ಎಂದರೇನು, ಅದರ ಭಾಗಗಳು, ಉದ್ದ, ಆಕಾರ, ಹಲ್ಲಿನ ಒರಟು-ನಯದ ಜಾತಿಗಳಾದ ಬಾಸ್ಟರ್ಡ್, ಸೆಕೆಂಡ್ ಕಟ್, ಸ್ಮೂತ್. ನಲವತ್ತು ನಿಮಿಷ ಮಾತನಾಡಿದೆ. ಅವರು ತಲೆ ಎತ್ತದೆ ಬರೆದುಕೊಂಡರು. ನಡುವೆ ಒಬ್ಬನೂ ಒಂದು ಪ್ರಶ್ನೆ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿದೆ ಎಂದು ಆ ಮೌನವನ್ನು ನಾನು ಓದಿಕೊಂಡೆ.

ಆಮೇಲೆ, ಲೋಹದ ತುಂಡನ್ನು ದವಡೆಯಲ್ಲಿ ಬಿಗಿಯಾಗಿ ಹಿಡಿಯುವ ವೈಸುಗಳ ಬಳಿಗೆ ಹೋದೆವು. 75 ಮಿ.ಮೀ. ಉದ್ದಗಲದ, 10 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತುಂಡು ಒಬ್ಬೊಬ್ಬರಿಗೂ ಒಂದು. ಅದರ ಒಂದು ಮುಖವನ್ನು ಸಮತಟ್ಟು ಮಾಡಬೇಕು, ಅಷ್ಟೇ. ಫಿಟ್ಟರ್ ಆಗುವವನು ಇಲ್ಲಿಂದಲೇ ಹೊರಡಬೇಕು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು ಬಂದಿರುವ ಕಾಲದಲ್ಲಿ ಕೈಯಿಂದ ಫೈಲ್ ಹಾಕುವುದೇಕೆ ಎಂದು ಕೇಳುವವರಿದ್ದಾರೆ. ಒಂದು ಮುಖ ಸಮತಟ್ಟಾಗಿದೆ ಎಂದರೆ ಏನು ಎಂಬುದನ್ನು ಭುಜ ನೋಯಿಸಿಕೊಂಡು ತಿಳಿದವನಿಗೆ ಯಂತ್ರ ಮಾಡುವ ತಪ್ಪೂ ಕಣ್ಣಿಗೆ ಬೀಳುತ್ತದೆ. ಟೂಲ್ ರೂಮಿನಲ್ಲಿ ಇದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಮೂರನೆಯ ವೈಸಿನ ಹುಡುಗ ಎಲ್ಲರಿಗಿಂತ ಗಿಡ್ಡ. ಊರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದ. ಹಲ್ಲು ಕಚ್ಚಿ, ಇಡೀ ಮೈಯನ್ನು ಹಾಕಿ ಉಜ್ಜುತ್ತಿದ್ದ. ಅರ್ಧ ಗಂಟೆಯ ನಂತರ ಅವನ ತುಂಡಿನ ಮೇಲೆ ಟ್ರೈ ಸ್ಕ್ವೇರ್ ಎಂಬ ಲಂಬಕೋನದ ಪಟ್ಟಿ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ನಡುಭಾಗ ಉಬ್ಬಿತ್ತು, ಎರಡೂ ತುದಿಗಳಲ್ಲಿ ಬೆಳಕು ತೂರಿ ಬರುತ್ತಿತ್ತು. ಫೈಲ್ ಮುಂದೆ ಹೋಗುವಾಗ ತೊಟ್ಟಿಲಿನಂತೆ ತೂಗಿದರೆ ಹೀಗೆ ಆಗುತ್ತದೆ.

"ಹಾಗಲ್ಲಪ್ಪ, ಮಟ್ಟವಾಗಿ ತಳ್ಳಬೇಕು" ಎಂದೆ. ಅವನು ತಳ್ಳಿದ. ಮತ್ತೆ ತೂಗಿತು. "ಮಟ್ಟವಾಗಿ, ಮಟ್ಟವಾಗಿ" ಎಂದು ಇನ್ನೆರಡು ಸಲ ಹೇಳಿದೆ. ಅದಕ್ಕಿಂತ ಹೆಚ್ಚು ಮಾತು ನನ್ನಲ್ಲಿ ಇರಲಿಲ್ಲ. ಕೊನೆಗೆ ಅವನ ಕೈಯಿಂದ ಫೈಲನ್ನು ತೆಗೆದುಕೊಂಡೆ. "ಸರಿ, ನೋಡಿಕೋ" ಎಂದು ಶುರು ಮಾಡಿದೆ. ಲೋಹ ಸಿಕ್ಕಿದ ಕೂಡಲೇ ಕೈಗೆ ಹಳೆಯ ಲಯ ಬಂತು. ಹತ್ತು ನಿಮಿಷದಲ್ಲಿ ಉಬ್ಬು ಮಾಯವಾಯಿತು. ಸುತ್ತ ನೆರೆದ ಹುಡುಗರು ಬಾಯಿ ಬಿಟ್ಟು ನೋಡುತ್ತಿದ್ದರು. ಟ್ರೈ ಸ್ಕ್ವೇರ್ ಇಟ್ಟಾಗ ಬೆಳಕಿನ ಒಂದು ಗೆರೆಯೂ ಕಾಣಲಿಲ್ಲ. ಆ ಕ್ಷಣ ನನಗೆ ಬಹಳ ಸಂತೋಷವಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಪಕ್ಕದ ಘಟಕದ ಹಿರಿಯ ಬೋಧಕರು ಅಷ್ಟು ಹೊತ್ತೂ ಕಂಬದ ಬಳಿ ನಿಂತಿದ್ದರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದವರು. ಊಟದ ಹೊತ್ತಿಗೆ ಹುಡುಗರೆಲ್ಲ ಹೊರಗೆ ಹೋದ ಮೇಲೆ ಹತ್ತಿರ ಬಂದು ಆ ತುಂಡನ್ನು ಕೈಗೆತ್ತಿಕೊಂಡರು. ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು.

"ಕೈ ಚೆನ್ನಾಗಿದೆ ನಿಮ್ಮದು. ಈಗ ಈ ಜಾಬ್ ಮೇಲೆ ಯಾರ ನಂಬರ್ ಹೊಡೆಯುತ್ತೀರಿ?"

ಕಲಿಯುವವರು ಮುಗಿಸಿದ ತುಂಡಿನ, ಅಂದರೆ ಜಾಬ್‌ನ ಮೇಲೆ ತಮ್ಮ ನೋಂದಣಿ ಸಂಖ್ಯೆಯನ್ನು ಪಂಚ್‌ನಿಂದ ಹೊಡೆದು ಕೊಡುವುದು ಪದ್ಧತಿ. ನಾನು ಉತ್ತರ ಕೊಡಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ. "ನಾಳೆ ಬರುವಾಗ ಕೈಯನ್ನು ಹಿಂದೆ ಕಟ್ಟಿಕೊಂಡು ಬನ್ನಿ" ಎಂದಷ್ಟೇ ಹೇಳಿ ಬುತ್ತಿ ಬಿಚ್ಚಲು ಹೋದರು.

ಮಧ್ಯಾಹ್ನ ಆ ಹುಡುಗನಿಗೆ ಇನ್ನೊಂದು ತುಂಡು ಕೊಟ್ಟೆ. ನಾನು ಮಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಸಂಜೆಯ ಹೊತ್ತಿಗೆ ಅದೂ ನಡುವೆ ಉಬ್ಬಿತ್ತು. ಅವನು ಏನೂ ಹೇಳಲಿಲ್ಲ, ಅಂಗೈಯಲ್ಲಿ ಎದ್ದ ಬೊಬ್ಬೆಯನ್ನು ನನಗೆ ಕಾಣದಂತೆ ಮುಚ್ಚಿಕೊಂಡ.

ನಮ್ಮ ದನದ ಕೊಟ್ಟಿಗೆಯ ಹಲಗೆಗೆ ಅಪ್ಪ ಎಂದೋ ಬಿಗಿದ ಒಂದು ಹಳೆಯ ವೈಸ್ ಇದೆ. ಅಂದು ರಾತ್ರಿ ಊಟ ಮುಗಿಸಿ ಅದರ ಮುಂದೆ ನಿಂತೆ. ಕಬ್ಬಿಣದ ತುಂಡೊಂದನ್ನು ಸಿಕ್ಕಿಸಿ ಫೈಲ್ ಹಾಕತೊಡಗಿದೆ. ಮಟ್ಟವಾಗಿ ಹೋಯಿತು. ಹೇಗೆ ಹೋಯಿತು? ಗೊತ್ತಿಲ್ಲ. ನಿಲ್ಲಿಸಿ ಮತ್ತೆ ಹಾಕಿದೆ. ಕೈಯನ್ನು ನೋಡುತ್ತ ಹಾಕಿದರೆ ಕೈ ತಪ್ಪುತ್ತಿತ್ತು. ಕಣ್ಣು ಮುಚ್ಚಿ ಹಾಕಿದೆ. "ಇಷ್ಟು ಹೊತ್ತಿನಲ್ಲಿ ಏನು ಮಾಡುತ್ತಿದ್ದೀಯೋ, ಹಸು ಬೆದರುತ್ತದೆ" ಎಂದು ಅಮ್ಮ ಒಳಗಿನಿಂದ ಕೂಗಿದಳು. ಇನ್ನಷ್ಟು ನಿಧಾನವಾಗಿ, ಒಂದೊಂದು ತಳ್ಳನ್ನೂ ಮೂರು ಭಾಗ ಮಾಡಿ ಹಾಕಿದೆ. ಆಗ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಆರಂಭದಲ್ಲಿ ಫೈಲಿನ ತುದಿ ಹಿಡಿದ ಎಡಗೈಯಲ್ಲಿ ಒತ್ತಡ ಹೆಚ್ಚು. ನಡುವಿಗೆ ಬಂದಾಗ ಎರಡರಲ್ಲೂ ಸಮ. ಕೊನೆಗೆ ಹಿಡಿ ಇರುವ ಬಲಗೈಗೆ ಭಾರ ಜಾರುತ್ತದೆ. ಹಿಂದಕ್ಕೆ ಎಳೆಯುವಾಗ ಒತ್ತಡವೇ ಇಲ್ಲ. ತೋಳು ಒಂದೇ ತಳ್ಳುವುದಿಲ್ಲ, ಮುಂದಿಟ್ಟ ಕಾಲನ್ನು ಮಡಿಸಿ ಮೈಯೂ ಜೊತೆಗೆ ಬಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಇವು ಐದು ಸಾಲು. ಬರೆಯಲು ನನಗೆ ಒಂದೂವರೆ ಗಂಟೆ ಹಿಡಿಯಿತು. ನಾನೂ ಐಟಿಐಯಲ್ಲೇ ಓದಿದವನು. ಈ ಐದು ಸಾಲುಗಳನ್ನು ನನಗೂ ಯಾರೋ ಹೇಳಿಕೊಟ್ಟಿರಲೇಬೇಕು. ಕೈಗೆ ಬಂದ ಮೇಲೆ ನಾನು ಅವನ್ನು ಮರೆತುಬಿಟ್ಟಿದ್ದೆ. ನನ್ನ ಅಂದಿನ ಗುರುಗಳು ಎಷ್ಟು ದಿನ ನನ್ನ ಉಬ್ಬಿದ ತುಂಡುಗಳನ್ನು ಬೆಳಕಿಗೆ ಹಿಡಿದು ತಾಳ್ಮೆಯಿಂದ ನಿಂತಿದ್ದರೋ, ಅದರ ನೆನಪೂ ನನಗೆ ಉಳಿದಿರಲಿಲ್ಲ. ಕೊಟ್ಟಿಗೆಯ ದೀಪ ಆರಿಸುವಾಗ ಅದಕ್ಕಾಗಿ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಶಿಕ್ಷಕರ ದಿನಾಚರಣೆ. ಪ್ರಾರ್ಥನೆಯ ನಂತರ ರಾಧಾಕೃಷ್ಣನ್ ಅವರ ಭಾವಚಿತ್ರಕ್ಕೆ ಹೂವು ಹಾಕಿದರು. ಹುಡುಗರು ಚಂದಾ ಎತ್ತಿ ತಂದಿದ್ದ ಪೆನ್ನು ಮತ್ತು ಒಂದೊಂದು ಗುಲಾಬಿಯನ್ನು ಬೋಧಕರಿಗೆಲ್ಲ ಕೊಟ್ಟರು. ನನಗೂ ಬಂತು. ಒಂದೇ ದಿನದ ಅನುಭವ ನನ್ನದು, ಆ ಒಂದು ದಿನದಲ್ಲಿಯೂ ಯಾರಿಗೂ ಏನನ್ನೂ ಕಲಿಸಿರಲಿಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಳ್ಳಲು ಮನಸ್ಸು ಬಾರದೆ ಮೇಜಿನ ಡ್ರಾಯರಿನಲ್ಲಿಟ್ಟೆ.

ಶೆಡ್ಡಿಗೆ ಬಂದು ಮೊದಲು ಮಾಡಿದ ಕೆಲಸ ಒಂದು ಮರದ ಹಲಗೆ ಹುಡುಕಿದ್ದು. ವೈಸಿನ ದವಡೆ ಮೊಣಕೈ ಮಟ್ಟಕ್ಕೆ ಇರಬೇಕು. ಆ ಹುಡುಗನಿಗೆ ಅದು ಎದೆಯ ಹತ್ತಿರ ಬರುತ್ತಿತ್ತು. ಹಿಂದಿನ ದಿನ ಇಡೀ ಹೊತ್ತು ಅವನ ಪಕ್ಕದಲ್ಲೇ ನಿಂತಿದ್ದರೂ ನಾನು ಅದನ್ನು ಕಂಡಿರಲಿಲ್ಲ, ಅವನ ಜಾಬನ್ನಷ್ಟೇ ಕಂಡಿದ್ದೆ. ಹಲಗೆಯನ್ನು ಅವನ ಕಾಲ ಕೆಳಗೆ ಹಾಕಿ ನಿಲ್ಲಲು ಹೇಳಿದೆ. ಆಮೇಲೆ ಕೈ ಹಿಂದೆ ಕಟ್ಟಿಕೊಂಡೆ.

ಅದು ಎಷ್ಟು ಕಷ್ಟ ಎಂಬುದು ಕೈಕೆಲಸದವರಿಗಷ್ಟೇ ಗೊತ್ತಾದೀತು. ಕಣ್ಣೆದುರಿಗೆ ಫೈಲ್ ತಪ್ಪಾಗಿ ಹೋಗುತ್ತಿದ್ದರೆ ಬೆರಳುಗಳು ತಾವಾಗಿಯೇ ಮುಂದೆ ಬರುತ್ತವೆ. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಐದು ಸಾಲುಗಳನ್ನು ಹೇಳಿದೆ. ಹುಡುಗ ತಲೆಯಾಡಿಸಿದ, ಆದರೆ ಫೈಲ್ ತೂಗುವುದು ನಿಲ್ಲಲಿಲ್ಲ. ಅವನು ಆಗಾಗ ಬೆರಳಿನಿಂದ ಮುಖವನ್ನು ಸವರಿ ನೋಡುತ್ತಿದ್ದ. ಬೆರಳಿನ ಬೆವರು, ಜಿಡ್ಡು ತಗುಲಿದರೆ ಫೈಲ್ ಕಡಿಯದೆ ಜಾರುತ್ತದೆ ಎಂದು ತಿಳಿಸಿ, ಮುಖದ ತುಂಬ ಸೀಮೆಸುಣ್ಣ ಬಳಿಯಲು ಹೇಳಿದೆ. ನಾಲ್ಕು ಸಲ ತಳ್ಳಿಸಿದೆ. ಎರಡೂ ಅಂಚುಗಳಲ್ಲಿ ಸುಣ್ಣ ಹೋಗಿತ್ತು, ನಡುವೆ ಇನ್ನೂ ಬಿಳಿ ಉಳಿದಿತ್ತು.

"ಏನು ಕಾಣುತ್ತಿದೆ?"

"ಅಂಚು ಮಾತ್ರ ಸವೆಯುತ್ತಿದೆ ಸರ್."

"ಯಾಕೆ?"

ಈ ಪ್ರಶ್ನೆಯ ನಂತರ ಸುಮ್ಮನಿರಬೇಕಿತ್ತು. ಇರುವುದು ಕಷ್ಟವಾಯಿತು, ಆದರೂ ಸುಮ್ಮನಿದ್ದೆ. ಅವನು ಫೈಲನ್ನು ತುಂಡಿನ ಮೇಲಿಟ್ಟು ಒತ್ತದೆ ಮೆಲ್ಲಗೆ ಮುಂದೆ ಸರಿಸಿದ. ಅದು ಮುಂದಕ್ಕೆ ವಾಲಿತು. ಹಿಂದೆ ಸರಿಸಿದ. ಹಿಡಿಯ ಕಡೆಗೆ ವಾಲಿತು. ಇದನ್ನೇ ಮೂರು ನಾಲ್ಕು ಸಲ ಮಾಡಿದ. ಆಮೇಲೆ ನನ್ನ ಕಡೆ ತಿರುಗದೆ, ತನ್ನಷ್ಟಕ್ಕೆ ಎಂಬಂತೆ ಹೇಳಿದ:

"ತಕ್ಕಡಿ ಇದ್ದ ಹಾಗೆ ಸರ್. ಒಂದು ಕಡೆ ಕೋಲು ಗಿಡ್ಡವಾದರೆ ಆ ಕಡೆ ಹೆಚ್ಚು ತೂಕ ಇಡಬೇಕು. ಇಲ್ಲದಿದ್ದರೆ ಮುಳ್ಳು ನಡುವೆ ನಿಲ್ಲುವುದಿಲ್ಲ."

ಅವನ ತಾಯಿ ವಾರದ ಸಂತೆಯಲ್ಲಿ ತರಕಾರಿ ಮಾರುತ್ತಾಳೆ ಎಂಬುದು ನನಗೆ ಆಮೇಲೆ ತಿಳಿಯಿತು. ಸನ್ನೆಗೋಲಿನ ತತ್ತ್ವವನ್ನು ನಾನು ಹಲಗೆಯ ಮೇಲೆ ಬರೆದಿದ್ದರೆ ಅವನು ನಕಲು ಮಾಡಿಕೊಳ್ಳುತ್ತಿದ್ದ. ಅದು ಅವನಲ್ಲಿ ಆಗಲೇ ಇತ್ತು, ಫೈಲಿನ ಜೊತೆ ಅದನ್ನು ಕೂಡಿಸಲು ಅವನಿಗೆ ಅರ್ಧ ನಿಮಿಷದ ಮೌನ ಬೇಕಾಗಿತ್ತು. "ಮುಳ್ಳು ನಡುವೆ ನಿಲ್ಲಿಸು" ಎಂಬುದು ಅಂದಿನಿಂದ ನಮ್ಮ ಘಟಕದ ಮಾತಾಯಿತು. ಇಪ್ಪತ್ತು ಜನಕ್ಕೂ ನನ್ನ ಐದು ಸಾಲಿಗಿಂತ ಅದು ಬೇಗ ಹತ್ತಿತು.

ಮುಂದೆ ನಾನು ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಒಂದು ವರ್ಷದ ಬೋಧಕ ತರಬೇತಿ ಪಡೆದೆ. ಪಾಠಕ್ಕೆ ನಾಲ್ಕು ಹಂತಗಳಿವೆ ಎಂದು ಅಲ್ಲಿ ಕಲಿಸುತ್ತಾರೆ. ಸಿದ್ಧತೆ, ಪ್ರಸ್ತುತಿ, ಪ್ರಯೋಗ, ಪರೀಕ್ಷೆ. ತುಂಬ ಉಪಯುಕ್ತವಾದ ತರಬೇತಿ ಅದು. ಹೊಸದಾಗಿ ಈ ಕೆಲಸಕ್ಕೆ ಬರುವವರು ಸಾಧ್ಯವಾದರೆ ಪಾಠಕ್ಕೆ ನಿಲ್ಲುವ ಮೊದಲೇ ಅದನ್ನು ಮುಗಿಸಲಿ ಎಂದು ಮನಸಾರೆ ಹೇಳುತ್ತೇನೆ. ನಾನು ನೇರವಾಗಿ ಎರಡನೆಯ ಹಂತಕ್ಕೆ ನೆಗೆದು, ಮೂರನೆಯದನ್ನು ಹುಡುಗನ ಕೈಯಿಂದ ಕಿತ್ತುಕೊಂಡಿದ್ದೆ.

ಒಂದೇ ದಿನದಲ್ಲಿ ಎಲ್ಲವೂ ಸರಿಹೋಗಲಿಲ್ಲ. ಮಂಗಳವಾರ ಸಂಜೆ ಉಬ್ಬು ಕಡಿಮೆಯಾಗಿತ್ತು. ಬುಧವಾರ ಒಂದು ಮೂಲೆ ತಗ್ಗಾಯಿತು. ಗುರುವಾರ ಅವನು ಬರಲಿಲ್ಲ, ಸಂತೆಯ ದಿನ. ಶುಕ್ರವಾರ ನಾಲ್ಕು ಗಂಟೆಗೆ ತುಂಡನ್ನು ತಂದು ನನ್ನ ಮುಂದೆ ಹಿಡಿದ. ಟ್ರೈ ಸ್ಕ್ವೇರನ್ನು ಅವನ ಕೈಗೇ ಕೊಟ್ಟು ನೋಡಲು ಹೇಳಿದೆ. ಬಲಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ಇನ್ನೂ ಇತ್ತು. ಅದನ್ನು ಅವನೇ ಬೆರಳಿಟ್ಟು ತೋರಿಸಿದ. ಪಂಚ್ ಪೆಟ್ಟಿಗೆ ತಂದು ತನ್ನ ಸಂಖ್ಯೆ ಹೊಡೆದ. ಮೂರರ ಅಂಕಿ ಸ್ವಲ್ಪ ಓರೆಯಾಗಿ ಬಿತ್ತು. ಅಂದು ಮೊದಲ ಬಾರಿಗೆ ಹುಡುಗರು ಕೊಟ್ಟ ಪೆನ್ನನ್ನು ಡ್ರಾಯರಿನಿಂದ ತೆಗೆದು, ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನೂರಕ್ಕೆ 62 ಎಂದು ಬರೆದೆ. ಸೋಮವಾರ ನಾನು ಮಾಡಿದ್ದ ತುಂಡು ಪಕ್ಕದಲ್ಲೇ ಇತ್ತು, ಅದರ ಮೇಲೆ ಯಾವ ಸಂಖ್ಯೆಯೂ ಇರಲಿಲ್ಲ.

ಗಂಟೆ ಹೊಡೆದು ಎಲ್ಲರೂ ಕೈ ತೊಳೆಯಲು ಹೋಗಿದ್ದರು. ಅವನು ಇನ್ನೂ ಅಲ್ಲೇ ನಿಂತಿದ್ದ.

"ಇದರ ಹಿಂದಿನ ಮುಖಕ್ಕೂ ಹಾಕಲೇ ಸರ್?"

"ಬಸ್ಸಿಗೆ ಹೊತ್ತಾಗುವುದಿಲ್ಲವೇ?"

"ಇನ್ನೂ ಇಪ್ಪತ್ತು ನಿಮಿಷ ಇದೆ."

ತುಂಡನ್ನು ಮಗುಚಿ ವೈಸಿಗೆ ಸಿಕ್ಕಿಸಿ, ಹಲಗೆಯನ್ನು ಕಾಲಿನಿಂದ ಸರಿಮಾಡಿಕೊಂಡು ಹತ್ತಿ ನಿಂತ.