ಹಸಿರು ಬಿದ್ದರೂ ಮುಂದೆ ಜಾಗವಿರಲಿಲ್ಲ

ಬೆಂಗಳೂರಿನ ಸಿಗ್ನಲ್‌ಗಳಿಗೆ ಟೈಮಿಂಗ್ ಲೆಕ್ಕ ಹಾಕಿಕೊಡುವ ಕೆಲಸದಲ್ಲಿ ನಾನು ಒಂಬತ್ತು ವರ್ಷಗಳಿಂದ ಇದ್ದೇನೆ. ಬರೆದ ವರದಿಗಳಲ್ಲಿ ಬಹುಪಾಲು ಮರೆತುಹೋಗಿವೆ. ಆದರೆ ನಗರದ ದಕ್ಷಿಣ ಭಾಗದ ಒಂದು ಜಂಕ್ಷನ್ನಿನಲ್ಲಿ ಜೂನ್ ತಿಂಗಳ ಸೋಮವಾರವೊಂದರ ಬೆಳಿಗ್ಗೆ ನಿಂತು ನೋಡಿದ ಹನ್ನೊಂದು ನಿಮಿಷಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ.

ಬೆಳಗಿನ ಪೀಕ್ ಅವರ್‌ನಲ್ಲಿ ಮುಖ್ಯರಸ್ತೆಯ ವಾಹನಗಳ ಸಾಲು ಹಿಂದಿನ ಪೆಟ್ರೋಲ್ ಬಂಕನ್ನೂ ದಾಟುತ್ತಿದೆ ಎಂಬ ದೂರು ಬಂದಿತ್ತು. ಯಾವ ರಸ್ತೆಯಿಂದ ಬಂದ ಎಷ್ಟು ವಾಹನಗಳು ಯಾವ ಕಡೆಗೆ ಹೋದವು ಎಂಬ ಎಣಿಕೆ, ಅಂದರೆ ಟರ್ನಿಂಗ್ ಕೌಂಟ್, ನನ್ನ ಮೇಜಿನ ಮೇಲಿತ್ತು. ಸಿಗ್ನಲ್ ಟೈಮಿಂಗ್ ಲೆಕ್ಕ ಹಾಕುವ ವೆಬ್‌ಸ್ಟರ್ ಸೂತ್ರಕ್ಕೆ ಅಂಕಿಗಳನ್ನು ಹಾಕಿ, 150 ಸೆಕೆಂಡುಗಳಿದ್ದ ಸೈಕಲ್ ಅನ್ನು (ಎಲ್ಲ ರಸ್ತೆಗಳಿಗೂ ಒಂದು ಸುತ್ತು ಸಿಗ್ನಲ್ ಮುಗಿಯುವ ಅವಧಿ) 168ಕ್ಕೆ ಏರಿಸಿ, ಹೆಚ್ಚಿದ 18 ಸೆಕೆಂಡುಗಳನ್ನೂ ಮುಖ್ಯರಸ್ತೆಯ ಹಸಿರಿಗೇ ಕೊಟ್ಟೆ. ಜಂಕ್ಷನ್ನಿಗೆ ಬರುವ ರಸ್ತೆಯ ಅಗಲ ಹತ್ತೂವರೆ ಮೀಟರ್; ಮೀಟರಿಗೆ 525ರಂತೆ ಸ್ಯಾಚುರೇಷನ್ ಫ್ಲೋ, ಅಂದರೆ ಹಸಿರು ಸತತವಾಗಿದ್ದರೆ ದಾಟಬಲ್ಲ ವಾಹನಗಳ ಪ್ರಮಾಣ, ಗಂಟೆಗೆ ಸುಮಾರು 5,500 ಪಿಸಿಯು (ಎಲ್ಲ ಬಗೆಯ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸಿದ ಅಳತೆ) ಆಗುತ್ತದೆ. ಆ ಲೆಕ್ಕದಲ್ಲಿ ಪ್ರತಿ ಸೈಕಲ್‌ಗೆ 27 ಪಿಸಿಯು ಹೆಚ್ಚಾಗಿ ದಾಟಬೇಕಿತ್ತು. ಸ್ಥಳಕ್ಕೆ ಹೋಗಿ ನೋಡಿಬರುತ್ತೇನೆಂದು ನಾನು ಕೇಳಲಿಲ್ಲ. ಆ ವಾರ ಇನ್ನೂ ನಾಲ್ಕು ಜಂಕ್ಷನ್ನುಗಳ ಲೆಕ್ಕ ಒಪ್ಪಿಸಬೇಕಿತ್ತು, ಸ್ಥಳ ಪರಿಶೀಲನೆಗೆ ನಮ್ಮ ಸಂಸ್ಥೆಯ ಬಿಲ್ಲಿನಲ್ಲಿ ಪ್ರತ್ಯೇಕ ಕಾಲಂ ಇರಲೂ ಇಲ್ಲ. ಹಾಗೆಂದು ತಪ್ಪನ್ನು ಬಿಲ್ಲಿನ ಮೇಲೆ ಹೊರಿಸಲಾರೆ. ಅಂಕಿಗಳನ್ನು ನಂಬಿದವಳು ನಾನೇ.

ಹೊಸ ಟೈಮಿಂಗ್ ಜಾರಿಯಾದ ದಿನ ಎಂಟೂವರೆಗೆ ಜಂಕ್ಷನ್ ತಲುಪಿದೆ. ಮೊದಲ ಮೂರು ಸೈಕಲ್‌ಗಳು ಸರಾಗವಾಗಿ ಹೋದವು. 8:47ಕ್ಕೆ ಮುಖ್ಯರಸ್ತೆಗೆ ಹಸಿರು ಬಿತ್ತು. ವಾಹನಗಳು ಸ್ಟಾಪ್ ಲೈನ್ ದಾಟಿ ನಲವತ್ತು ಮೀಟರ್ ಹೋಗುವಷ್ಟರಲ್ಲಿ ನಿಂತುಬಿಟ್ಟವು. ಹಿಂದಿನವರಿಗೆ ಹಸಿರು ಇನ್ನೂ ಉಳಿದಿತ್ತು, ಆದ್ದರಿಂದ ಅವರು ಬರುತ್ತಲೇ ಇದ್ದರು. ನಾನು ಕೊಟ್ಟ ಹದಿನೆಂಟು ಸೆಕೆಂಡುಗಳಲ್ಲಿ, ವಾಹನ ನಿಲ್ಲಬಾರದೆಂದು ಜಂಕ್ಷನ್ ನಡುವೆ ಗೆರೆ ಎಳೆದ ಹಳದಿ ಬಾಕ್ಸ್ ಪೂರ್ತಿ ತುಂಬಿತು. ಅಡ್ಡರಸ್ತೆಗೆ ಹಸಿರು ಬಿದ್ದಾಗ ಅಲ್ಲಿಂದ ಒಂದು ಬೈಕೂ ನುಸುಳುವಂತಿರಲಿಲ್ಲ. ಅದೇ ಹೊತ್ತಿಗೆ ಅಡ್ಡರಸ್ತೆಯ ಸಾಲಿನ ನಡುವಿನಿಂದ ಆಂಬ್ಯುಲೆನ್ಸ್‌ನ ಸೈರನ್ ಕೇಳಿಸಿತು.

ಡ್ಯೂಟಿಯಲ್ಲಿದ್ದ ಎಎಸ್ಐ ಓಡಿಹೋಗಿ ಕಂಟ್ರೋಲರ್ ಪೆಟ್ಟಿಗೆ ತೆರೆದು ಮ್ಯಾನ್ಯುಯಲ್‌ಗೆ ಹಾಕಿದರು. ಕಾನ್‌ಸ್ಟೇಬಲ್ ಒಬ್ಬರು ಬಾಕ್ಸಿನೊಳಗಿದ್ದ ಕಾರುಗಳನ್ನು ಒಂದೊಂದಾಗಿ ಬಾನೆಟ್ ತಟ್ಟಿ ಪಕ್ಕಕ್ಕೆ ಸರಿಸತೊಡಗಿದರು. ಆಂಬ್ಯುಲೆನ್ಸ್ ದಾಟಲು ನಾಲ್ಕು ನಿಮಿಷ ಬೇಕಾಯಿತು, ಜಂಕ್ಷನ್ ಬಿಡಿಸಿಕೊಳ್ಳಲು ಹನ್ನೊಂದು. ಬೆವರು ಒರೆಸಿಕೊಳ್ಳುತ್ತಾ ಎಎಸ್ಐ ಕೇಳಿದರು: "ಮೇಡಂ, ಮುಂದೆ ಜಾಗಾನೇ ಇಲ್ಲ, ಹಸಿರು ಜಾಸ್ತಿ ಕೊಟ್ರೆ ಗಾಡಿಗಳು ಎಲ್ಲಿಗೆ ಹೋಗ್ಬೇಕು?" ನನ್ನ ಬಳಿ ಉತ್ತರವಿರಲಿಲ್ಲ. ಹಳೆಯ ಟೈಮಿಂಗ್‌ಗೆ ಮರಳಿಸಿ ಎಂದು ಅಲ್ಲಿಂದಲೇ ಫೋನ್ ಮಾಡಿದೆ.

ಮುಂದಿನ ಎರಡು ದಿನ ಬೆಳಿಗ್ಗೆ ಅಲ್ಲೇ ನಿಂತೆ. ಜಂಕ್ಷನ್ ದಾಟಿ ನಲವತ್ತು ಮೀಟರಿನಲ್ಲಿ ಒಂದು ಬಸ್ ನಿಲ್ದಾಣವಿದೆ. ಇಳಿದವರಿಗಾಗಿ ಆಟೋಗಳು ಬಸ್ಸು ನಿಲ್ಲಲು ಬಿಟ್ಟ ಜಾಗದಲ್ಲಿ ಕಾಯುತ್ತಿದ್ದವು. ಆದ್ದರಿಂದ ಬಸ್ಸು ಎರಡನೇ ಪಥದಲ್ಲಿ ನಿಲ್ಲುತ್ತಿತ್ತು, ಹಿಂದೆ ಬಂದ ಇನ್ನೊಂದು ಬಸ್ಸು ಅದರ ಬಾಲಕ್ಕೆ ಅಂಟಿಕೊಳ್ಳುತ್ತಿತ್ತು. ಕಾಲುದಾರಿಯನ್ನು ಅಗೆದು ಮುಚ್ಚಿದ ಮಣ್ಣಿನ ರಾಶಿ ಆಕ್ರಮಿಸಿದ್ದರಿಂದ ಪ್ರಯಾಣಿಕರೂ ರಸ್ತೆಗಿಳಿದು ಕಾಯುತ್ತಿದ್ದರು. ಮೂರು ಪಥಗಳ ರಸ್ತೆಯಲ್ಲಿ ಹರಿವಿಗೆ ಉಳಿದದ್ದು ಒಂದೇ ಪಥ. ಸಿಗ್ನಲ್‌ನ ತೊಂದರೆ ಸಿಗ್ನಲ್‌ನಲ್ಲಿ ಇರಲೇ ಇಲ್ಲ.

ನಮ್ಮ ಕೌಂಟ್ ಇದನ್ನು ಏಕೆ ತೋರಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಸಮೀಕ್ಷೆ ನಡೆದದ್ದು ಶಾಲೆಗಳಿಗೆ ರಜೆಯಿದ್ದ ಮೇ ತಿಂಗಳಲ್ಲಿ. ಎಣಿಸಿದ್ದು ಸ್ಟಾಪ್ ಲೈನ್ ದಾಟಿದ ವಾಹನಗಳನ್ನು, ದಾಟಲಾರದೆ ಹಿಂದೆ ಉಳಿದವುಗಳನ್ನಲ್ಲ. ತುಂಬಿದ ರಸ್ತೆಯಲ್ಲಿ ಹಾಗೆ ಎಣಿಸಿದರೆ ರಸ್ತೆ ಎಷ್ಟನ್ನು ಸಾಗಿಸಿತು ಎಂಬುದು ಗೊತ್ತಾಗುತ್ತದೆಯೇ ಹೊರತು ಎಷ್ಟು ವಾಹನಗಳು ಬಂದಿದ್ದವು ಎಂಬುದಲ್ಲ. ಸಾಲಿನ ಉದ್ದ ಅಳೆಯಿರಿ ಎಂದು ಅಂದಿನಿಂದ ಪ್ರತಿ ಪ್ರಸ್ತಾವನೆಯಲ್ಲೂ ಬರೆಯುತ್ತಿದ್ದೇನೆ, ಖರ್ಚು ಹೆಚ್ಚೆಂದು ಅರ್ಧದಷ್ಟು ಬಾರಿ ಅದನ್ನು ತೆಗೆದುಹಾಕುತ್ತಾರೆ. ಪಿಸಿಯು ಬಗ್ಗೆಯೂ ನನಗೆ ತಕರಾರಿದೆ. ಆ ಲೆಕ್ಕದಲ್ಲಿ ಬಸ್ಸು ಎಂದರೆ ರಸ್ತೆಗೆ ಭಾರ ಮಾತ್ರ, ಒಳಗಿರುವ ಐವತ್ತು ಜನ ಯಾವ ಕಾಲಂನಲ್ಲೂ ಬರುವುದಿಲ್ಲ. ನೋಂದಾಯಿತ ವಾಹನಗಳು 1 ಕೋಟಿ ದಾಟಿರುವ ಊರಿನಲ್ಲಿ ವಾಹನಗಳನ್ನಷ್ಟೇ ಎಣಿಸುತ್ತಾ ಕುಳಿತರೆ ಸಾಲು ಕರಗುವುದಿಲ್ಲ. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿಯವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಪಥ ಮೀಸಲಿಟ್ಟಾಗ, ನಿಂತ ಕಾರುಗಳ ಪಕ್ಕದಲ್ಲಿ ಬಸ್ಸು ತಡೆಯಿಲ್ಲದೆ ಸಾಗುವುದನ್ನು ನಾನೇ ಕಂಡಿದ್ದೇನೆ. ಮೆಟ್ರೋ ಕಾಮಗಾರಿ ಬಂದಾಗ ಆ ಪಥ ಉಳಿಯಲಿಲ್ಲ. ಅಂಥದ್ದನ್ನು ಮತ್ತೆ ತರಲೇಬೇಕು.

ನಮ್ಮ ಜಂಕ್ಷನ್ನಿಗೆ ಸೂಚಿಸಿದ ಪರಿಹಾರಗಳು ಸಣ್ಣವು: ನಿಲ್ದಾಣವನ್ನು ಎಪ್ಪತ್ತು ಮೀಟರ್ ಮುಂದಕ್ಕೆ ಸರಿಸುವುದು, ಆಟೋಗಳಿಗೆ ಅಡ್ಡರಸ್ತೆಯಲ್ಲಿ ಜಾಗ ಗುರುತಿಸುವುದು, ಮಣ್ಣು ತೆಗೆಸಿ ಕಾಲುದಾರಿಗೆ ಕಲ್ಲು ಹಾಸುವುದು. ಐದು ತಿಂಗಳ ಓಡಾಟದ ನಂತರ ನಿಲ್ದಾಣದ ಫಲಕ ಮುಂದಕ್ಕೆ ಹೋಯಿತು, ಕಾಲುದಾರಿಯೂ ಸರಿಯಾಯಿತು. 150 ಸೆಕೆಂಡುಗಳ ಹಳೆಯ ಸೈಕಲ್‌ನಲ್ಲೇ ಸಾಲು ಪೆಟ್ರೋಲ್ ಬಂಕಿನ ಈಚೆಗೆ ನಿಲ್ಲತೊಡಗಿತು. ಎಎಸ್ಐ ಅವರೇ ಫೋನ್ ಮಾಡಿ ತಿಳಿಸಿದರು.

ತಂಗುದಾಣ ಮಾತ್ರ ಹಳೆಯ ಜಾಗದಲ್ಲೇ ಇದೆ, ಅದನ್ನು ಕಿತ್ತು ಕೂರಿಸುವ ಕಡತ ಇನ್ನೂ ಸಹಿಯಾಗಿಲ್ಲ. ಮಳೆ ಹಿಡಿದ ದಿನ ಜನ ಅದರ ಚಾವಣಿಯ ಕೆಳಗೇ ಸೇರುತ್ತಾರೆ, ಅವರಿಗಾಗಿ ಬಸ್ಸು ಅಲ್ಲೇ ನಿಲ್ಲುತ್ತದೆ, ಸಾಲು ಮತ್ತೆ ಹಳದಿ ಬಾಕ್ಸ್‌ವರೆಗೆ ಬರುತ್ತದೆ. ಅಂಥ ದಿನ ಬೆಳಿಗ್ಗೆ ನಾನು ಆ ದಾರಿಯಲ್ಲೇ ಆಫೀಸಿಗೆ ಹೋಗುತ್ತೇನೆ, ಸಾಲಿನ ಉದ್ದವನ್ನು ಬರೆದುಕೊಂಡು ಕಡತಕ್ಕೆ ಸೇರಿಸುತ್ತೇನೆ.