ಗ್ವಾದಲಹಾರದ ಮಾಂಸದ ಸಾರು, ಬೇರೆಯಾಗಿ ಬೆಂದ ಕಾಳು

ಮೆಕ್ಸಿಕೊದ ಹಲೀಸ್ಕೊ ರಾಜ್ಯದ ರಾಜಧಾನಿಯಾದ ಗ್ವಾದಲಹಾರದಲ್ಲಿ ‘ಕಾರ್ನೆ ಎನ್ ಸು ಹೂಗೊ’ ಬಡಿಸುವ ಖಾನಾವಳಿಗಳಿಗೆ ಬರವಿಲ್ಲ. ತೆಳ್ಳಗೆ ಹೆಚ್ಚಿದ ದನದ ಮಾಂಸವನ್ನು ಅದು ಬಿಟ್ಟ ರಸದಲ್ಲೇ ಬೇಯಿಸಿ, ಹುಳಿ-ಖಾರದ ಹಸಿರು ಸಾರು ಹೊಯ್ದು, ಮೆತ್ತಗೆ ಬೆಂದ ಬೀನ್ಸ್ ಕಾಳಿನ ಮೇಲೆ ಬಡಿಸುವ ಊಟ ಇದು. ಈ ಊರಿನ ‘ಕಾರ್ನೆ ಗರಿಬಾಲ್ದಿ’ ಎಂಬ ಖಾನಾವಳಿ 1996ರಲ್ಲಿ ಕೇವಲ 13.5 ಸೆಕೆಂಡುಗಳಲ್ಲಿ ಊಟ ಬಡಿಸಿ ಗಿನ್ನೆಸ್ ದಾಖಲೆಗೆ ಸೇರಿತು. ಅಷ್ಟು ಬೇಗ ಬಡಿಸಲು ಬರುವುದಕ್ಕೆ ಈ ಅಡುಗೆಯ ಸ್ವಭಾವವೇ ಕಾರಣವೆಂದು ನನ್ನ ಎಣಿಕೆ: ಕಾಳು ಒಂದು ಪಾತ್ರೆಯಲ್ಲಿ, ಮಾಂಸ ಇನ್ನೊಂದರಲ್ಲಿ ಸಿದ್ಧವಾಗಿರುತ್ತವೆ, ಎರಡೂ ಸೇರುವುದು ಬಟ್ಟಲಿನಲ್ಲಿ.

ಕೆಲಸದ ನಿಮಿತ್ತ ಈ ಊರಿನಲ್ಲಿ ನೆಲೆಸಿರುವ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಎಲ್ಲರೂ ಕೂಡಿ ಉಣ್ಣುವಾಗ ನಾನು ಹೆಚ್ಚಾಗಿ ಮಾಡುವುದು ಇದನ್ನೇ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಗಂಟೆಗಟ್ಟಲೆ ಕುದಿಸುವ ಪಾಕವಿಧಾನಗಳು ಬೇಕಾದಷ್ಟಿವೆ. ಅವು ನನಗೆ ಒಪ್ಪಿಗೆಯಾಗುವುದಿಲ್ಲ. ಹುಳಿ ಬಿದ್ದ ನೀರಿನಲ್ಲಿ ಕಾಳು ಬೇಗ ಬೇಯುವುದಿಲ್ಲ, ಕಾಳು ಬೇಯುವವರೆಗೆ ಕಾದರೆ ತೆಳುವಾದ ಮಾಂಸ ನಾರುನಾರಾಗುತ್ತದೆ.

ಮೊದಲಿಗೆ ಕಾಳಿನ ವಿಚಾರ. ಹಲೀಸ್ಕೊದಲ್ಲಿ ತಿಳಿ ಹಳದಿ ಬಣ್ಣದ ‘ಪೆರುವಾನೊ’ ಕಾಳನ್ನು ಜನ ಬಹಳ ಇಷ್ಟಪಡುತ್ತಾರೆ. ಅದರ ಸಿಪ್ಪೆ ತೆಳು, ಒಳಗೆ ಬೆಣ್ಣೆಯಷ್ಟು ನುಣುಪು. ಆರು ಜನರಿಗೆ 400 ಗ್ರಾಂ ಕಾಳನ್ನು ರಾತ್ರಿಯೇ ಉಪ್ಪು ಬೆರೆಸಿದ ನೀರಿನಲ್ಲಿ ನೆನೆಹಾಕುತ್ತೇನೆ. ಉಪ್ಪಿನಿಂದ ಕಾಳು ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿಯೂ ಇದೆ, ಇಲ್ಲಿಯೂ ಇದೆ. ನಿಜದಲ್ಲಿ ಉಪ್ಪುನೀರು ಸಿಪ್ಪೆಯನ್ನು ಮೆತ್ತಗಾಗಿಸುತ್ತದೆ. ಗ್ವಾದಲಹಾರ ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿರುವುದರಿಂದ ನೀರು ಇಲ್ಲಿ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಹೀಗಾಗಿ ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ಮಂಗಳೂರಿಗಿಂತ ಬಹಳ ಹೊತ್ತು ಬೇಕು. ಊರಿನಿಂದ ಹೊತ್ತು ತಂದ ಕುಕ್ಕರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿದೆ. ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ ಹಾಕಿ, ಕಾಳು ಬೆರಳಿಗೆ ನುಣ್ಣಗೆ ಹಿಸುಕಿ ಬರುವಷ್ಟು ಬೇಯಿಸಬೇಕು. ಬಸಿದ ಕಟ್ಟನ್ನು ಚೆಲ್ಲಬಾರದು.

ಸಾರಿಗೆ ಹುಳಿ ಕೊಡುವುದು ತೊಮಾತಿಲ್ಲೊ. ನಮ್ಮ ಹೊಲದ ಬದುಗಳಲ್ಲಿ ಕಾಗದದಂಥ ಹೊದಿಕೆಯೊಳಗೆ ಬೆಳೆಯುವ ಪುಟ್ಟ ಕಾಡುಹಣ್ಣಿನ ಕುಲದ್ದೇ ಆದ ಈ ಹಸಿರು ಕಾಯಿಯ ಹೊದಿಕೆ ಸುಲಿದರೆ ಕೈಗೆ ಅಂಟಂಟಾಗುತ್ತದೆ. ಅದನ್ನು ಚೆನ್ನಾಗಿ ತೊಳೆಯಬೇಕು. ಅರ್ಧ ಕಿಲೋ ಕಾಯಿಯನ್ನು ಮೂರು ಸೆರಾನೊ ಮೆಣಸಿನಕಾಯಿಯೊಂದಿಗೆ ಬಣ್ಣ ಮಾಸುವವರೆಗೆ ಮಾತ್ರ ಬೇಯಿಸಿ, ಬೆಳ್ಳುಳ್ಳಿ ಮತ್ತು ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ರುಬ್ಬುತ್ತೇನೆ. ಕರ್ನಾಟಕದಲ್ಲಿ ಮಾಡುವವರು ಎಳೆಯ ಹಸಿರು ಟೊಮೆಟೊ ಬಳಸಿ ನಿಂಬೆರಸ ಹಿಂಡಿಕೊಂಡರೆ ರುಚಿ ಸಾಕಷ್ಟು ಹತ್ತಿರ ಬರುತ್ತದೆ.

ಮಾಂಸದಂಗಡಿಯಲ್ಲಿ ‘ಬಿಸ್ತೆಕ್’ ಎಂದು ಕೇಳಿದರೆ ತೆಳುವಾದ ಹಾಳೆಗಳಾಗಿ ಕೊಯ್ದು ಕೊಡುತ್ತಾರೆ. ಒಂದು ಕಿಲೋ ಮಾಂಸವನ್ನು ಮನೆಯಲ್ಲಿ ನಾರಿಗೆ ಅಡ್ಡವಾಗಿ ಬೆರಳಗಲದ ತುಂಡುಗಳಾಗಿ ಹೆಚ್ಚಿಕೊಳ್ಳುತ್ತೇನೆ. ದಪ್ಪತಳದ ಪಾತ್ರೆಯಲ್ಲಿ 200 ಗ್ರಾಂ ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿಮಾಂಸ) ಗರಿಗರಿಯಾಗುವಂತೆ ಹುರಿದು ತೆಗೆದಿಟ್ಟು, ಉಳಿದ ಕೊಬ್ಬಿಗೆ ಮಾಂಸ ಹಾಕಿದರೆ ಮೊದಲು ಚುರ್ರೆನ್ನುತ್ತದೆ, ಆಮೇಲೆ ಸದ್ದಡಗಿ ನೀರು ಬಿಡತೊಡಗುತ್ತದೆ. ಬಣ್ಣ ಬೂದಿಯಾಗಿ, ನೊರೆಯೆದ್ದು, ನೋಡಲು ಏನೇನೂ ಚೆನ್ನಾಗಿರುವುದಿಲ್ಲ. ಆಗ ಹೊರಗಿನ ನೀರು ಸುರಿಯದೆ, ಉರಿ ತಗ್ಗಿಸಿ ಮುಚ್ಚಳ ಹಾಕಿ, ಮಾಂಸವನ್ನು ಅದರ ಪಾಡಿಗೆ ಹತ್ತು ನಿಮಿಷ ಬಿಡಬೇಕು. ಸಾರಿನ ರುಚಿಯೆಲ್ಲ ಈ ರಸದ್ದೇ. ನಂತರ ರುಬ್ಬಿದ ಹಸಿರು ಮಸಾಲೆ, ಸ್ವಲ್ಪ ಕಟ್ಟು, ಉಪ್ಪು ಹಾಕಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿದರೆ ಸಾಕು. ಇಲ್ಲಿಯ ಅನೇಕರು ಪುಡಿ ರೂಪದ ಕೋಳಿ ಸಾರನ್ನು ಸೇರಿಸುತ್ತಾರೆ. ರಸ ಚೆನ್ನಾಗಿ ಬಿಟ್ಟಿದ್ದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಬಡಿಸುವಾಗ ಬಟ್ಟಲಿನ ತಳಕ್ಕೆ ಕಾಳು, ಅದರ ಮೇಲೆ ಮಾಂಸ ಮತ್ತು ಸಾರು, ಮೇಲೆ ಬೇಕನ್ ಚೂರು. ಹಸಿ ಈರುಳ್ಳಿ, ಕೊತ್ತಂಬರಿ, ಮೂಲಂಗಿ, ನಿಂಬೆಹೋಳು, ಬೆಣ್ಣೆಹಣ್ಣು, ಮೆಕ್ಕೆಜೋಳದ ಬಿಸಿ ರೊಟ್ಟಿ ‘ತೊರ್ತಿಯಾ’ ಮೇಜಿನ ನಡುವೆ ಇರುತ್ತವೆ. ಬೇಕಾದವರು ಬೇಕಾದ್ದನ್ನು ಹಾಕಿಕೊಳ್ಳುತ್ತಾರೆ. ಎಲೆಯ ಸಮೇತ ಹೆಂಚಿನ ಮೇಲೆ ಕಪ್ಪಾಗುವಷ್ಟು ಸುಟ್ಟ ಎಳೆ ಈರುಳ್ಳಿಗೆ ಮಾತ್ರ ನಮ್ಮಲ್ಲಿ ಜಗಳವೇ ನಡೆಯುತ್ತದೆ. ಊರಿನಿಂದ ಬಂದಿರುವ ಅತ್ತೆಗೆ ಈ ಖಾರ ಸಾಲದು. ಅವರಿಗೆಂದು ಒಣ ‘ಚಿಲೆ ದೆ ಆರ್ಬೊಲ್’ ಮೆಣಸಿನಕಾಯಿ ಹುರಿದು ರುಬ್ಬಿದ ಚಟ್ನಿ ಪ್ರತ್ಯೇಕವಾಗಿರುತ್ತದೆ. ಮೆಣಸಿನಕಾಯಿ ಈ ನಾಡಿನಿಂದಲೇ ಪೋರ್ಚುಗೀಸರ ಹಡಗುಗಳ ಮೂಲಕ ನಮ್ಮ ಕರಾವಳಿಗೆ ಬಂದದ್ದೆಂದು ಹೇಳಿದರೆ ಅವರು ನಂಬಲು ಸಿದ್ಧರಿಲ್ಲ. ದನ ಈ ನಾಡಿನದಲ್ಲ, ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ತಂದದ್ದು ಎಂದರೆ ಮಾತ್ರ ಒಪ್ಪುತ್ತಾರೆ.

ಉಳಿದ ಸಾರನ್ನೂ ಕಾಳನ್ನೂ ಫ್ರಿಜ್ಜಿನಲ್ಲಿ ಬೇರೆ ಬೇರೆಯಾಗಿಯೇ ಇಡುತ್ತೇನೆ, ಏಕೆಂದರೆ ಸೇರಿಸಿಟ್ಟರೆ ಕಾಳು ರಾತ್ರಿ ಕಳೆಯುವುದರೊಳಗೆ ಸಾರನ್ನೆಲ್ಲ ಹೀರಿ ಮುದ್ದೆಯಾಗುತ್ತದೆ. ಹಾಗೆ ಉಳಿದ ಕಾಳನ್ನು ಮರುದಿನ ಬೇಕನ್ನಿನ ಕೊಬ್ಬಿನಲ್ಲಿ ಮಸೆದು, ಸಿಹಿ ಜೋಳದ ಕಾಳು ಬೆರೆಸಿ ಹುರಿದರೆ ಮಕ್ಕಳ ಬೆಳಗಿನ ತಿಂಡಿಗೆ ತೊರ್ತಿಯಾ ಜೊತೆ ಅದೇ ಆಗುತ್ತದೆ.